ಒಂದು ತಿಂಗಳು ಕಾಯಬೇಡ

ಚಿ. ಪುಟ್ಟುವಿಗೆ ನಿನ್ನ ಮಾವನ ಆಶೀರ್ವಾದಗಳು.

ಬಿಟ್ಟಿದ್ದ ಹೆರಾಯಿನ್ ಮತ್ತೆ ತಗೊಂಡೆ ಅಂತ ಬರೆದ ನಿನ್ನ ಕಾಗದ ಸಿಕ್ಕಿತು. ಏನಾಯಿತು, ಯಾರ ಜೊತೆ ಆಯಿತು ಅನ್ನುವುದನ್ನು ನಾನು ಮತ್ತೆ ಎತ್ತುವುದಿಲ್ಲ. ಚಟ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವ ಸಂಘ ನಾರ್ಕೋಟಿಕ್ಸ್ ಅನಾನಿಮಸ್, ನಾನೂ ಅದರವನೇ ಅನ್ನೋದೂ ಮನೆಯಲ್ಲಿ ಹೊಸ ಸುದ್ದಿಯಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಯಾವ ಮುಖ ಇಟ್ಟುಕೊಂಡು ಹೋಗಲಿ ಮಾವ, ಒಂದು ತಿಂಗಳು ಒಬ್ಬನೇ ಕ್ಲೀನ್ ಆಗಿದ್ದು ಆಮೇಲೆ ಮೀಟಿಂಗ್‌ಗೆ ಹೋಗ್ತೀನಿ' ಅಂತ, ಅದನ್ನು ಓದಿದ ಮೇಲೆ ನಿದ್ದೆ ಹತ್ತುತ್ತಿಲ್ಲ. ನೀನು ತಗೊಂಡದ್ದಕ್ಕಿಂತ ಈ ಒಂದು ತಿಂಗಳೇ ನನಗೆ ಹೆಚ್ಚು ಭಯ. ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋಗ್ತೀನಿ ಅಂದ ಹಾಗಾಯ್ತು ಕಣೋ.

ನೀನು ಗುಂಪಿನಲ್ಲಿ ಮೂರು ತಿಂಗಳಿಗೆ ಕೊಡುವ ಕೆಂಪು ಕೀ ಟ್ಯಾಗ್ ತಗೊಂಡವನು. ಅಂದರೆ 90 ದಿನ ನಿನ್ನ ಮೈ ಹೆರಾಯಿನ್ ಇಲ್ಲದೆ ಬದುಕಿದೆ, ಅಷ್ಟರಲ್ಲಿ ಅದನ್ನು ತಾಳಿಕೊಳ್ಳುವ ಶಕ್ತಿ ಇಳಿದುಹೋಗಿದೆ. ಮನಸ್ಸು ಮಾತ್ರ ಹಳೇ ಅಳತೆಯನ್ನೇ ನೆನಪಿಟ್ಟುಕೊಂಡಿರುತ್ತೆ. ಮೊದಲು ಏನೂ ಆಗದಿದ್ದ ಅಷ್ಟೇ ಪ್ರಮಾಣ ಈಗ ಉಸಿರು ನಿಲ್ಲಿಸಬಹುದು. ಮೇಲೆ ಕುಡಿತವೋ ನಿದ್ದೆ ಮಾತ್ರೆಯೋ ಸೇರಿದರಂತೂ ಹೇಳುವ ಹಾಗೇ ಇಲ್ಲ. ಜಾರಿದ ಮೇಲೆ ಸಾಯುವವರಲ್ಲಿ ಬಹಳ ಜನ ಬಾಗಿಲು ಹಾಕಿಕೊಂಡು ಒಬ್ಬರೇ ಇದ್ದವರು. 'ಒಬ್ಬನೇ ಇರ್ತೀನಿ' ಅಂತ ನೀನು ಬರೆದಾಗ ನನ್ನ ಕಣ್ಣಿಗೆ ಕಾಣೋದು ಆ ಚಿಲಕ ಹಾಕಿದ ಬಾಗಿಲು.

ಇನ್ನು ಮುಖದ ಮಾತು. ಗುಂಪಿಗೆ ಸೇರಲು ಬೇಕಾದ್ದು ಒಂದೇ, ಬಿಡಬೇಕು ಅನ್ನೋ ಆಸೆ. ಸಂಘದ ನಿಯಮಗಳಾದ ಹನ್ನೆರಡು ಸಂಪ್ರದಾಯಗಳಲ್ಲಿ ಮೂರನೆಯದು ಹೇಳೋದು ಅಷ್ಟೇ. ಬಿಟ್ಟಿರಬೇಕು ಅಂತ ಅದರಲ್ಲಿಲ್ಲ. ಈ ಸಂಘ ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಶುರುವಾಯಿತು, ಅಂದಿನಿಂದ ಜಾರಿ ಮತ್ತೆ ಬಂದವರಿಗೆ ಅಲ್ಲಿ ಬರವೇ ಇಲ್ಲ. ಶುರುವಿಗೆ ಕೊಡುವ ಬಿಳಿ ಟ್ಯಾಗ್ ಇರೋದು ಹೊಸಬರಿಗೆ ಮಾತ್ರ ಅಲ್ಲ, ತಿರುಗಿ ಬಂದವರಿಗೂ. ಕೆಂಪು ಟ್ಯಾಗ್ ವಾಪಸ್ ಕೊಡಬೇಕಾ ಅಂತ ಕೇಳಿದ್ದೀಯ. ಯಾರೂ ಕೇಳಲ್ಲ, ನಿನ್ನ ಹತ್ತಿರವೇ ಇರಲಿ. ಬದಲಾಗೋದು ಕ್ಲೀನ್ ಡೇಟ್, ಅಂದರೆ ಬಿಟ್ಟ ದಿನದ ತಾರೀಖು, ಒಂದೇ. ನಿನಗೆ ದಾರಿ ತೋರಿಸುವ ಹಳೇ ಸದಸ್ಯರು, ನಿನ್ನ ಸ್ಪಾನ್ಸರ್, ಬಹುಶಃ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದರಿಂದ ಮತ್ತೆ ಬರೆಸುತ್ತಾರೆ, ಬೇಜಾರು ಮಾಡ್ಕೋಬೇಡ. ಎರಡನೇ ಸಲ ಬರೆಯುವಾಗ ಮೊದಲ ಸಲ ಬಚ್ಚಿಟ್ಟದ್ದು ಹೊರಗೆ ಬರುತ್ತೆ.

ಹೋದಾಗ ಏನಾಗುತ್ತೆ ಅಂತಲೂ ಹೇಳಿಬಿಡ್ತೀನಿ, ಗೊತ್ತಿಲ್ಲದಿದ್ದರೆ ಕಾಲು ಹಿಂದೇಟು ಹಾಕುತ್ತೆ. 24 ಗಂಟೆಯೊಳಗೆ ತಗೊಂಡಿದ್ದರೆ ಸುಮ್ಮನೆ ಕೂತು ಕೇಳಿ, ಮೀಟಿಂಗ್ ಆದ ಮೇಲೆ ಯಾರ ಹತ್ತಿರವಾದರೂ ಮಾತಾಡಿ ಅಂತಾರೆ ಬಹಳಷ್ಟು ಗುಂಪುಗಳಲ್ಲಿ. ಅದು ಶಿಕ್ಷೆಯಲ್ಲ. ಜೇಬಿನಲ್ಲಿ ಮಾಲಾಗಲಿ ಸಿರಿಂಜಾಗಲಿ ಇರಬಾರದು ಅಷ್ಟೇ. ಶುರುವಿಗೆ ಹತ್ತು ನಿಮಿಷ ಮೊದಲೇ ಹೋಗು, ಮುಗಿದ ಮೇಲೆ ಕುರ್ಚಿ ಮಡಚಿಡಲು ನಿಲ್ಲು. ತಡವಾಗಿ ಬಂದು ಬೇಗ ಎದ್ದು ಹೋಗುವವರಿಗೆ ಯಾರ ನಂಬರೂ ಸಿಗಲ್ಲ, ನಂಬರ್ ಇಲ್ಲದವನು ರಾತ್ರಿ ಹನ್ನೊಂದಕ್ಕೆ ಯಾರಿಗೆ ಫೋನ್ ಮಾಡ್ತಾನೆ?

ಸ್ಪಾನ್ಸರ್‌ಗೆ ಹೇಗೆ ಹೇಳಲಿ ಅಂತ ಒದ್ದಾಡಬೇಡ. 'ಮೊನ್ನೆ ತಗೊಂಡೆ, ಇವತ್ತು ಮೀಟಿಂಗ್‌ಗೆ ಬರ್ತಿದ್ದೀನಿ, ಫೋನ್ ಮಾಡಿ' ಅಂತ ಮೆಸೇಜ್ ಹಾಕು, ಸಾಕು. ಎದುರು ಸಿಕ್ಕಾಗ ಏನು, ಎಷ್ಟು, ಯಾವಾಗ ಅಂತ ಇದ್ದದ್ದು ಇದ್ದ ಹಾಗೆ ಹೇಳು. ಅದಕ್ಕಿಂತ ಮುಖ್ಯವಾಗಿ ಅದರ ಹಿಂದಿನ ಎರಡು ಮೂರು ವಾರ ಹೇಳು. ಜಾರೋದು ತಗೊಂಡ ದಿನ ಅಲ್ಲ. ಒಂದು ಮೀಟಿಂಗ್ ತಪ್ಪಿಸ್ತೀವಿ, ಫೋನಿಗೆ 'ಚೆನ್ನಾಗಿದ್ದೀನಿ' ಅಂತ ಸುಳ್ಳು ಹೇಳ್ತೀವಿ, ಹಳೇ ನಂಬರ್ ಅಳಿಸದೆ ಇಟ್ಟುಕೊಂಡಿರ್ತೀವಿ, ಊಟ ನಿದ್ದೆ ಕೆಡುತ್ತೆ. ಯಾವ ಗಂಟಲ್ಲಿ ಕಳಚಿತು ಅಂತ ಅಲ್ಲೇ ಸಿಗುತ್ತೆ.

ಎಂಟನೇ ಹೆಜ್ಜೆಯಲ್ಲಿ ನಾವು ನೋಯಿಸಿದವರ ಪಟ್ಟಿ ಮಾಡ್ತೀವಿ, ನನ್ನ ಪಟ್ಟಿಯಲ್ಲಿ ನಿನ್ನ ತಾತನ ಹೆಸರಿತ್ತು. ಅವರ ಹತ್ತಿರ ಹೋಗಿ ತಪ್ಪು ಸರಿಪಡಿಸುವ ಒಂಬತ್ತಕ್ಕೆ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಸರಿಹೋದ ಮೇಲೆ ಹೋಗೋಣ ಅನ್ನುವ ಲೆಕ್ಕಾಚಾರ ಕೇಳಿದಾಗಲೆಲ್ಲ ಅದು ನೆನಪಿಗೆ ಬರುತ್ತೆ. ಇರಲಿ ಬಿಡು.

ಆಸೆ ಎದ್ದಾಗ ಹೆಚ್ಚು ಕಡಿಮೆ ಅರ್ಧ ಗಂಟೆಯಲ್ಲಿ ಇಳಿಯುತ್ತೆ, ನಿನಗೂ ಗೊತ್ತು. ಆ ಅರ್ಧ ಗಂಟೆ ರೂಮಿನಲ್ಲಿರಬೇಡ, ಕೈಯಲ್ಲಿ ದುಡ್ಡು ಇಟ್ಟುಕೊಳ್ಳಬೇಡ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಯಾವುದು ಅಂತ ಮೊದಲು ನೋಡು. ಬಹಳ ಸಲ ಊಟ ಮಾಡಿದರೇ ಅರ್ಧ ಕಡಿಮೆಯಾಗುತ್ತೆ. ಉಪದೇಶ ಅನ್ನಿಸಿದರೆ ಕ್ಷಮಿಸು.

ಡಾಕ್ಟರಿಗೂ ಹೇಳಬೇಕು. ಹೆರಾಯಿನ್ ಆಸೆ ತಗ್ಗಿಸುವ ಮಾತ್ರೆ ಬ್ಯುಪ್ರಿನಾರ್ಫಿನ್ ಮತ್ತೆ ಶುರು ಮಾಡುವುದಾದರೆ ಹೊತ್ತು ಅವರೇ ಗೊತ್ತು ಮಾಡಲಿ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗ ಅದನ್ನು ತಗೊಂಡರೆ ವಿತ್‌ಡ್ರಾವಲ್, ಅಂದರೆ ಬಿಟ್ಟಾಗಿನ ನರಳಾಟ, ಒಮ್ಮೆಗೇ ಜೋರಾಗಿ ಅಪ್ಪಳಿಸುತ್ತೆ. ಮಾತ್ರೆ ತಗೊಂಡರೆ ಕ್ಲೀನ್ ಅಲ್ಲ ಅಂತ ಮೀಟಿಂಗ್‌ನಲ್ಲಿ ಯಾರಾದರೂ ಅಂದರೆ ತಲೆಗೆ ಹಾಕಿಕೊಳ್ಳಬೇಡ. ಔಷಧದ ವಿಷಯ ನಿನಗೂ ಡಾಕ್ಟರಿಗೂ ಬಿಟ್ಟದ್ದು.

ಅಂತೂ ಒಂದು ತಿಂಗಳು ಬೇಡ, ಒಂದು ವಾರವೂ ಬೇಡ. ಕಾಗದ ಸಿಕ್ಕ ದಿನವೇ ಹೋಗು. ಹೋಗೋಕೆ ಆಗಲಿಲ್ಲವಾ, ಫೋನಿನಲ್ಲೇ ಆನ್‌ಲೈನ್ ಮೀಟಿಂಗ್‌ಗೆ ಕೂತುಕೋ. ಮೊದಲು 90 ದಿನಕ್ಕೆ 90 ಮೀಟಿಂಗ್ ಮಾಡಿದ್ದೆಯಲ್ಲ, ಈಗಲೂ ಅದೇ.

ಇನ್ನೊಂದು ಮಾತು. ಹೆರಾಯಿನ್ ಹೆಚ್ಚಾಗಿ ಉಸಿರು ನಿಂತಾಗ ಮೂಗಿಗೆ ಹಾಕುವ ನಲೋಕ್ಸೋನ್ ಸ್ಪ್ರೇ ಎಲ್ಲಿಟ್ಟಿದ್ದೀಯ ಅಂತ ನಿನ್ನ ಅಮ್ಮನಿಗೆ ಗೊತ್ತಿರಬೇಕು, ಪ್ರಜ್ಞೆ ತಪ್ಪಿದವನು ತಾನೇ ಹಾಕಿಕೊಳ್ಳೋಕೆ ಆಗಲ್ಲ. ತುಟಿ ನೀಲಿಯಾಗಿ ಗೊರಗೊರ ಸದ್ದು ಬಂದರೆ ಅದು ಗೊರಕೆಯಲ್ಲ ಅಂತ ಹೇಳು. ಆಂಬುಲೆನ್ಸ್‌ಗೆ ಫೋನ್ ಮಾಡಿ ಒಂದು ಮೂಗಿನ ಹೊಳ್ಳೆಗೆ ಒಂದು ಸ್ಪ್ರೇ, ಎರಡು ಮೂರು ನಿಮಿಷಕ್ಕೆ ಉಸಿರು ಬರದಿದ್ದರೆ ಇನ್ನೊಂದು ಹೊಳ್ಳೆಗೆ. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು, ಅದರ ಪ್ರಭಾವ ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು. ಅಕ್ಕನಿಗೆ ಇದನ್ನು ನೀನೇ ಹೇಳು. ನಿನಗೆ ಬಾಯಿ ಬರದಿದ್ದರೆ ತಿಳಿಸು, ನಾನು ಹೇಳ್ತೀನಿ.

ಇಂತಿ,
ನಿನ್ನ ಮಾವ