ಬೆನ್ನ ಮೇಲಿನ ಚೀಲದಲ್ಲಿ ಏನಿದೆ ಎಂದು ಹೇಳದ ಸ್ಕೈಡೈವಿಂಗ್ ಕಂಪನಿಗೆ ಒಂದು ದೂರು ಪತ್ರ

ಗೆ,
ವ್ಯವಸ್ಥಾಪಕರು,
ಸ್ಕೈಡೈವಿಂಗ್ ತರಬೇತಿ ವಿಭಾಗ,
ಬೆಂಗಳೂರು

ವಿಷಯ: ಡಿಸೆಂಬರ್ ಶಿಬಿರದಲ್ಲಿ ಬಾಡಿಗೆ ರಿಗ್, ಪ್ಯಾಕಿಂಗ್ ಮತ್ತು ತರಬೇತಿಯಲ್ಲಿ ಕಂಡ ಲೋಪಗಳು, ಶುಲ್ಕ ವಾಪಸ್ ಕೋರಿ

ಮಾನ್ಯರೇ,

ನಿಮ್ಮ ಡಿಸೆಂಬರ್ ಶಿಬಿರಕ್ಕೆ ನಾನೂ ನನ್ನ ಅಕ್ಕನ ಮಗಳೂ ಹಣ ಕಟ್ಟಿ ಬಂದಿದ್ದೆವು. ಅವಳು ಹೊಸದಾಗಿ ಕಲಿಯಲು, ನಾನು ನಿಮ್ಮ ರಿಗ್, ಅಂದರೆ ಪ್ಯಾರಾಚೂಟ್ ಇರುವ ಬೆನ್ನಚೀಲ, ಬಾಡಿಗೆಗೆ ಪಡೆದು ಜಂಪ್ ಮಾಡಲು. ಈಗ ಅವಳು ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದಾಳೆ. ನಿಮ್ಮ ಕಡೆಯಿಂದ ಬಂದಿದ್ದು ಒಂದೇ ಒಂದು ವಾಟ್ಸ್ಯಾಪ್ ಸಂದೇಶ: "ಅಡ್ವೆಂಚರ್ ಅಂದ ಮೇಲೆ ಇದೆಲ್ಲ ಇದ್ದಿದ್ದೇ ಸರ್. ಮೇಡಂ ಬೇಗ ಹುಷಾರಾಗಲಿ."

ಇದ್ದಿದ್ದೇ ಅಂತ ನಾನು ಒಪ್ಪುವುದಿಲ್ಲ. ಏಕೆ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಈ ಆಟಕ್ಕೆ ಹೊಸಬನಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಗ ಕಲಿತವನು. ಯುಎಸ್‌ಪಿಎ, ಅಂದರೆ ಅಮೆರಿಕದ ಪ್ಯಾರಾಚೂಟ್ ಸಂಘ ಕೊಡುವ ಡಿ ಲೈಸೆನ್ಸ್ ನನ್ನ ಬಳಿ ಇದೆ. 500 ಜಂಪ್ ಆಗದೆ ಅದನ್ನು ಯಾರಿಗೂ ಕೊಡುವುದಿಲ್ಲ. ನಿಮ್ಮ ಕರಪತ್ರದಲ್ಲಿ ದಪ್ಪಕ್ಷರದಲ್ಲಿ "ಅಮೆರಿಕ ಮಟ್ಟದ ಸುರಕ್ಷತೆ" ಎಂದು ಹಾಕಿದ್ದೀರಿ. ಹಾಗಾಗಿ ಅಲ್ಲಿನ ಅಳತೆಯಲ್ಲೇ ನಿಮ್ಮನ್ನು ಅಳೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಆ ಅಳತೆಗೋಲು ಆರಿಸಿಕೊಂಡವರು ನೀವೇ.

ಮೊದಲು ರಿಗ್ ವಿಷಯ. ಒಂದು ರಿಗ್ಗಿನಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಒಂದು ಮೇನ್, ಇನ್ನೊಂದು ರಿಸರ್ವ್. ಮೇನ್ ಕೈಕೊಟ್ಟರೆ ರಿಸರ್ವ್. ರಿಸರ್ವ್ ಕೈಕೊಟ್ಟರೆ ಮೂರನೆಯದಿಲ್ಲ. ಅದಕ್ಕೇ ರಿಸರ್ವ್ ಅನ್ನು ಲೈಸೆನ್ಸ್ ಇರುವ ರಿಗ್ಗರ್, ಅಂದರೆ ಪ್ಯಾರಾಚೂಟ್ ಮಡಿಚಿ ನೋಡಿಕೊಳ್ಳುವ ತಜ್ಞ, ಮಾತ್ರ ಮಡಿಚಬೇಕು, ಮಡಿಚಿ ತನ್ನ ಸೀಲ್ ಒತ್ತಬೇಕು, ಕಾರ್ಡಿನಲ್ಲಿ ತಾರೀಖು ಬರೆದು ಸಹಿ ಹಾಕಬೇಕು. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮದಂತೆ 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ, ನೋಡಿ, ಮತ್ತೆ ಪ್ಯಾಕ್ ಮಾಡಲೇಬೇಕು. 2008ರ ಡಿಸೆಂಬರ್‌ವರೆಗೆ ಈ ಗಡುವು 120 ದಿನ ಇತ್ತು. ಒಮ್ಮೆಯೂ ಬಳಸದೇ ಇದ್ದರೂ ಬಿಚ್ಚಬೇಕು.

ನನ್ನ ಕೈಗೆ ಬಂದ ಮೊದಲ ರಿಗ್ಗಿನ ಕಾರ್ಡ್ ಕೇಳಿದೆ. "ಆಫೀಸಲ್ಲಿದೆ ಸರ್" ಎಂದರು. ಕಾರ್ಡ್ ಇರಬೇಕಾದದ್ದು ರಿಗ್ಗಿನಲ್ಲೇ, ಅದಕ್ಕೆಂದೇ ಒಂದು ಸಣ್ಣ ಜೇಬು ಹೊಲಿದಿರುತ್ತಾರೆ. ನಾನು ಪಟ್ಟು ಬಿಡದಿದ್ದಾಗ ತಂದು ತೋರಿಸಿದರು. ಕೊನೆಯ ಪ್ಯಾಕಿಂಗ್ ಮಾರ್ಚ್‌ನಲ್ಲಿ ಆಗಿತ್ತು. ಒಂಬತ್ತು ತಿಂಗಳು! ಈ ರಿಗ್ ಬೇಡ ಎಂದು ವಾಪಸ್ ಕೊಟ್ಟೆ. ಅಲ್ಲಿಗೆ ಮುಗಿದಿದ್ದರೆ ಈ ಪತ್ರ ಇಷ್ಟು ಖಾರವಾಗಿ ಇರುತ್ತಿರಲಿಲ್ಲವೇನೋ. ಅರ್ಧ ಗಂಟೆ ಕಳೆಯುವುದರಲ್ಲಿ ಅದೇ ರಿಗ್ ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಹುಡುಗನ ಬೆನ್ನ ಮೇಲಿತ್ತು. ಅವನಿಗೆ ಕಾರ್ಡ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ನಾನು ಹೋಗಿ ಹೇಳಿದ್ದಕ್ಕೆ ನಿಮ್ಮ ಶಿಬಿರದ ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಕಸ್ಟಮರ್‌ಗಳನ್ನು ಹೆದರಿಸಬೇಡಿ" ಎಂದರು. ಇದಕ್ಕೆ ನಿಮ್ಮ ಲಿಖಿತ ಉತ್ತರ ಬೇಕು. ಕೇಳಿದವನಿಗೆ ಒಂದು ರಿಗ್, ಕೇಳದವನಿಗೆ ಇನ್ನೊಂದು ರಿಗ್ ಅನ್ನುವುದು ನಿಮ್ಮ ಕಂಪನಿಯ ನೀತಿಯೇ?

ಎರಡನೆಯ ರಿಗ್ಗಿನ ಕಾರ್ಡ್ ಸರಿ ಇತ್ತು. ಆದರೆ ಕ್ಲೋಸಿಂಗ್ ಲೂಪ್ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ಮೇನ್ ಇರುವ ಚೀಲವನ್ನು ಮುಚ್ಚಿ ಹಿಡಿದಿಡುವುದು ಬೆರಳುದ್ದದ ಆ ದಾರದ ಕುಣಿಕೆ ಮತ್ತು ಅದರೊಳಗೆ ತೂರಿಸಿದ ಒಂದು ಪಿನ್. ಕುಣಿಕೆ ಸವೆದಿದ್ದರೆ ಅಥವಾ ಸಡಿಲವಾಗಿದ್ದರೆ ವಿಮಾನದ ಬಾಗಿಲಲ್ಲೇ ಪ್ಯಾರಾಚೂಟ್ ಹೊರಗೆ ಬರಬಹುದು. ಬಂದು ಬಾಲಕ್ಕೆ ಸುತ್ತಿಕೊಂಡರೆ ಅಪಾಯ ಜಿಗಿಯುವವನಿಗೆ ಮಾತ್ರ ಅಲ್ಲ, ಪೈಲಟ್‌ಗೂ ಒಳಗೆ ಕೂತ ಎಲ್ಲರಿಗೂ. ಹೊಸ ಲೂಪ್ ಹಾಕಲು ಎರಡು ನಿಮಿಷ ಸಾಕು, ಖರ್ಚು ಚಿಲ್ಲರೆ ಕಾಸು. ನಾನು ಕೇಳಿದ ಮೇಲೆ ಹಾಕಿದರು. ಕೇಳುವವರೆಗೆ ಏಕೆ ಕಾಯಬೇಕಿತ್ತು?

ಪಿನ್, ಲೂಪ್, ಮೇನ್ ಕಳಚುವ ಮೂರು ಉಂಗುರದ ರಿಲೀಸ್, ಹಿಡಿಕೆಗಳು, ಇವೆಲ್ಲ ಹೊರಗಿನಿಂದ ಕಾಣುತ್ತವೆ. ಚೀಲ ಮುಚ್ಚಿದ ಮೇಲೆ ಒಳಗೆ ಹೇಗೆ ಮಡಿಚಿದ್ದಾರೆ ಎನ್ನುವುದು ಯಾರಿಗೂ ಕಾಣುವುದಿಲ್ಲ. ಅದು ನನಗೆ ಗೊತ್ತಾಗಿದ್ದು ಮೇಲೆ ಹೋದಾಗ. ಬ್ರೇಕ್ ಅಂದರೆ ಕ್ಯಾನಪಿಯ (ತೆರೆದ ಪ್ಯಾರಾಚೂಟಿನ ಬಟ್ಟೆಯ) ಹಿಂದಿನ ಅಂಚನ್ನು ಎಳೆದು ತಿರುಗಿಸುವ, ನಿಧಾನಿಸುವ ದಾರ. ಎಡಗಡೆಯ ಬ್ರೇಕನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ. ಕ್ಯಾನಪಿ ಗಾಳಿ ತುಂಬಿಕೊಳ್ಳುವಾಗಲೇ ಅದು ಬಿಟ್ಟುಕೊಂಡಿತು. ಎಡಭಾಗ ಓಡುತ್ತದೆ, ಬಲಭಾಗ ಬ್ರೇಕಿನಲ್ಲಿದೆ, ಇಡೀ ಕ್ಯಾನಪಿ ಬಲಕ್ಕೆ ಗಿರಗಿರನೆ ತಿರುಗುತ್ತದೆ. ಜೊತೆಗೆ ಕ್ಯಾನಪಿಯಿಂದ ನಮ್ಮನ್ನು ತೂಗಿ ಹಿಡಿಯುವ ದಾರಗಳು, ಅಂದರೆ ಲೈನ್‌ಗಳೂ ತಿರುಚಿಕೊಂಡವು. ಬೇಕಾದಷ್ಟು ಎತ್ತರದಲ್ಲೇ ತೆರೆದಿದ್ದೆ, ಹಾಗಾಗಿ ಕಾಲು ಬೀಸಿ ತಿರುಚು ಬಿಡಿಸಿ, ಇನ್ನೊಂದು ಬ್ರೇಕನ್ನೂ ಬಿಡಿಸಿಕೊಂಡು ಇಳಿದೆ. ಅದೇ ಪ್ಯಾಕಿಂಗ್ ಒಬ್ಬ ಹೊಸಬನ ಬೆನ್ನ ಮೇಲಿದ್ದಿದ್ದರೆ?

ಇಳಿದ ಮೇಲೆ ಲೈನ್‌ಗಳನ್ನು ಹಿಡಿದು ನೋಡಿದೆ. ಸ್ಪೆಕ್ಟ್ರಾ ಎಂಬ ಕೃತಕ ನೂಲಿನ ಲೈನ್. ಅದರ ಗುಣ ನಿಮಗೆ ಗೊತ್ತಿರಲೇಬೇಕು. ಪ್ರತಿ ಸಲ ತೆರೆಯುವಾಗ ಸ್ಲೈಡರ್, ಅಂದರೆ ಕ್ಯಾನಪಿ ನಿಧಾನಕ್ಕೆ ಬಿಚ್ಚಿಕೊಳ್ಳುವಂತೆ ಲೈನ್‌ಗಳನ್ನು ಹಿಡಿದಿಡುವ ಚೌಕ ಬಟ್ಟೆ, ಉಜ್ಜಿಕೊಂಡು ಕೆಳಗೆ ಬರುತ್ತದೆ, ಆ ಬಿಸಿಗೆ ಲೈನ್ ಕುಗ್ಗುತ್ತದೆ. ಸ್ಲೈಡರಿಗೆ ಹತ್ತಿರ ಇರುವ ಹೊರಗಿನ ಲೈನ್‌ಗಳು, ಬ್ರೇಕ್ ಲೈನ್‌ಗಳು ಜಾಸ್ತಿ ಕುಗ್ಗುತ್ತವೆ, ಒಳಗಿನವು ಕಡಿಮೆ. ಕೆಲವು ನೂರು ಜಂಪ್ ಆದ ಮೇಲೆ ಕ್ಯಾನಪಿಯ ಆಕಾರವೇ ಕೆಡುತ್ತದೆ. ಒಂದು ಸಲ ಜಾಡಿಸಿ ಒದ್ದ ಹಾಗೆ ತೆರೆಯುತ್ತದೆ, ಇನ್ನೊಂದು ಸಲ ಪಕ್ಕಕ್ಕೆ ತಿರುಗಿಕೊಂಡು. ಅಷ್ಟು ಹೊತ್ತಿಗೆ ಲೈನ್ ಸೆಟ್ ಬದಲಿಸಬೇಕು. ನಿಮ್ಮ ಕ್ಯಾನಪಿಯಲ್ಲಿ ಎಡ ಬಲ ಲೈನ್‌ಗಳ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು. ಕೊನೆಯ ಸಲ ಲೈನ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಯಾರ ಬಳಿಯೂ ಪುಸ್ತಕವಿಲ್ಲ, ಲೆಕ್ಕವಿಲ್ಲ.

ಪ್ಯಾಕ್ ಮಾಡುತ್ತಿದ್ದ ಇಬ್ಬರು ಹುಡುಗರ ಮೇಲೆ ನನಗೆ ಕೋಪವಿಲ್ಲ. ದಯವಿಟ್ಟು ಈ ಪತ್ರ ಓದಿ ಅವರನ್ನು ಮನೆಗೆ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಅವರ ಕೂಲಿ ಪ್ಯಾಕಿಗಿಷ್ಟು ಅಂತ. ಆ ಪದ್ಧತಿ ಬೇರೆ ದೇಶಗಳಲ್ಲೂ ಇದೆ, ಅದೊಂದೇ ತಪ್ಪು ಎನ್ನಲಾರೆ. ಆದರೆ ನಿಮ್ಮವರು ರನ್‌ವೇ ಪಕ್ಕದಲ್ಲಿ, ನಡುಹಗಲ ಬಿಸಿಲಲ್ಲಿ, ಮಣ್ಣು ತುಂಬಿದ ಟಾರ್ಪಾಲಿನ ಮೇಲೆ ಮಂಡಿಯೂರಿ ಕೆಲಸ ಮಾಡುತ್ತಿದ್ದರು. ಪ್ಯಾರಾಚೂಟ್ ಬಟ್ಟೆ ನೈಲಾನ್. ಬಿಸಿಲು ಅದನ್ನು ತಿನ್ನುತ್ತದೆ. ಮರಳಿನ ಕಣ ಲೈನ್ ಒಳಗೆ ಸೇರಿ ಎಳೆಗಳನ್ನು ಕೊಯ್ಯುತ್ತದೆ. ಒಂದು ಶಾಮಿಯಾನ, ಒಂದು ದಪ್ಪ ಕಾರ್ಪೆಟ್, ಇಷ್ಟನ್ನು ಮದುವೆ ಮನೆಗೆ ಬಾಡಿಗೆ ಕೊಡುವವರೇ ತಂದು ಹಾಸುತ್ತಿದ್ದರು. ಇದರ ಜೊತೆಗೆ "ವಿಮಾನ ಹೊರಡ್ತಿದೆ, ಬೇಗ ಬೇಗ" ಎಂದು ಮೈಕಿನಲ್ಲಿ ಕೂಗು ಬೇರೆ. ಬ್ರೇಕ್ ಸಿಕ್ಕಿಸುವುದು, ಸ್ಲೈಡರನ್ನು ಪೂರ್ತಿ ಮೇಲಕ್ಕೆ ಒತ್ತಿ ನಾಲ್ಕು ಭಾಗ ಮಾಡಿ ಹರಡುವುದು, ಲೈನ್‌ಗಳನ್ನು ರಬ್ಬರ್ ಬ್ಯಾಂಡಿಗೆ ಸಮವಾಗಿ ಸಿಕ್ಕಿಸುವುದು, ಪೈಲಟ್ ಚೂಟಿನ, ಅಂದರೆ ಮೇನ್ ಅನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟಿನ, ಒಳದಾರವನ್ನು ಎಳೆದು ಸಜ್ಜು ಮಾಡುವುದು, ಇದರಲ್ಲಿ ಅವಸರದಲ್ಲಿ ಬಿಟ್ಟುಬಿಡಬಹುದಾದ ಹೆಜ್ಜೆ ಯಾವುದು ಹೇಳಿ? ಆ ಕೊನೆಯದನ್ನು ಮರೆತರೆ ಪೈಲಟ್ ಚೂಟ್ ಗಾಳಿ ಹಿಡಿಯದೆ ಬೆನ್ನ ಹಿಂದೆ ಸುಮ್ನೆ ಜೋತಾಡುತ್ತಿರುತ್ತದೆ. ಆಗ ಮೇನ್ ಹೊರಗೇ ಬರದಿರಬಹುದು.

ಎಫ್‌ಎಎ ನಿಯಮದಲ್ಲಿ ಮೇನ್ ಪ್ಯಾಕ್ ಮಾಡಲು ಮೂವರಿಗೆ ಮಾತ್ರ ಅವಕಾಶ: ರಿಗ್ಗರ್, ಅದೇ ಪ್ಯಾರಾಚೂಟಿನಲ್ಲಿ ಮುಂದೆ ಜಿಗಿಯುವವನು, ಇಲ್ಲವೇ ರಿಗ್ಗರನ ಕಣ್ಣೆದುರು ಕೆಲಸ ಮಾಡುವವನು. ನಿಮ್ಮ ರಿಗ್ಗರ್ ಎಲ್ಲಿ ಎಂದು ಕೇಳಿದೆ. ಪುಣೆಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದರು. ಶಿಬಿರ ಮುಗಿಯುವವರೆಗೂ ಆ ನಾಳೆ ಬರಲಿಲ್ಲ.

ಈಗ ತರಬೇತಿ. ಅಕ್ಕನ ಮಗಳು ಸೇರಿದ್ದು ಎಎಫ್ಎಫ್ ಕೋರ್ಸಿಗೆ, ಅಂದರೆ ಮೊದಲ ಜಂಪಿನಿಂದಲೇ ಬೋಧಕರು ಜೊತೆಗೆ ಜಿಗಿದು ಕಲಿಸುವ ತರಬೇತಿಗೆ. ಮೊದಲ ಜಂಪಿಗೆ ಮುಂಚೆ ನೆಲದ ಮೇಲೆ ಹೆಚ್ಚು ಕಡಿಮೆ ಒಂದು ದಿನದ ಪಾಠ ಇರಬೇಕು. ಇವಳಿಗೆ ಆಗಿದ್ದು ತಿಂಡಿ ಮತ್ತು ಊಟದ ನಡುವಿನ ಸಮಯ, ಅದರಲ್ಲೂ ಬಹುಪಾಲು ವಿಡಿಯೋ. ಬೆನ್ನು ಬಾಗಿಸುವುದು, ಕೈ ಚಾಚುವುದು, ಕ್ಯಾಮೆರಾಗೆ ನಗುವುದು, ಇದೆಲ್ಲ ಚೆನ್ನಾಗಿ ಹೇಳಿಕೊಟ್ಟಿದ್ದೀರಿ, ಇಲ್ಲ ಅನ್ನುವುದಿಲ್ಲ. ಆದರೆ ಮೇನ್ ಕೆಟ್ಟರೆ ಕೆಂಪು ಹಿಡಿಕೆ ಎಳೆದು ಅದನ್ನು ಕಳಚುವುದು, ನಂತರ ಬೆಳ್ಳಿ ಬಣ್ಣದ್ದನ್ನು ಎಳೆದು ರಿಸರ್ವ್ ತೆರೆಯುವುದು, ಇದನ್ನು ತೂಗುಹಾಕಿದ ಹಾರ್ನೆಸ್ಸಿನಲ್ಲಿ (ಮೈಗೆ ಕಟ್ಟುವ ಪಟ್ಟಿಗಳಲ್ಲಿ) ಕೈಗೆ ರೂಢಿಯಾಗುವವರೆಗೆ ಮಾಡಿಸಬೇಕು. ನಿಮ್ಮ ಹಾರ್ನೆಸ್ ಶೆಡ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಇವಳು ತನ್ನ ಎದೆ ಮುಟ್ಟಿಕೊಂಡು ಎರಡು ಸಲ ತೋರಿಸಿದಳು, ಬೋಧಕರು "ಸೂಪರ್" ಅಂದರು, ಪಾಠ ಮುಗಿಯಿತು. ಕೆಟ್ಟದ್ದನ್ನು ಕಳಚುವ ನಿರ್ಧಾರ ವಿದ್ಯಾರ್ಥಿ 2,500 ಅಡಿ ಎತ್ತರಕ್ಕೆ ಇಳಿಯುವಷ್ಟರಲ್ಲಿ ಮುಗಿಸಿರಬೇಕು ಎಂಬ ಅಂಕಿಯೂ ಅವಳಿಗೆ ಗೊತ್ತಿರಲಿಲ್ಲ.

ಅವಳು ಪ್ರಶ್ನೆ ಕೇಳಿದಾಗೆಲ್ಲ ಬಂದ ಉತ್ತರ ಒಂದೇ: "ಒಳಗೆ ಕಂಪ್ಯೂಟರ್ ಇದೆ ಮೇಡಂ, ಅದೇ ತೆರೆಯುತ್ತೆ." ರಿಸರ್ವ್ ಅನ್ನು ತಾನಾಗಿ ತೆರೆಯುವ ಸೈಪ್ರೆಸ್ ತರಹದ ಸಾಧನಗಳ ಬಗ್ಗೆ ನನಗೂ ಗೌರವವಿದೆ. ಜರ್ಮನಿಯ ಹೆಲ್ಮುಟ್ ಕ್ಲೋತ್ 1991ರಲ್ಲಿ ಅದನ್ನು ಮಾರುಕಟ್ಟೆಗೆ ತಂದ ಮೇಲೆ ಎಷ್ಟೋ ಜೀವ ಉಳಿದಿವೆ. ಆದರೆ ಅದಕ್ಕೆ ಗೊತ್ತಿರುವುದು ಎತ್ತರ ಮತ್ತು ಬೀಳುವ ವೇಗ ಅಷ್ಟೇ. ಅನುಭವಿಗಳ ಮಾದರಿಯಲ್ಲಿ ಅದು ರಿಸರ್ವ್ ತೆರೆಯುವುದು ಸುಮಾರು 750 ಅಡಿಯಲ್ಲಿ, ಅದೂ ಗಂಟೆಗೆ 78 ಮೈಲಿಗಿಂತ ವೇಗವಾಗಿ ಬೀಳುತ್ತಿದ್ದರೆ. ವಿದ್ಯಾರ್ಥಿ ಮಾದರಿಯಲ್ಲಿ ಇನ್ನೂ ಕಡಿಮೆ ವೇಗಕ್ಕೇ ತೆರೆಯುತ್ತದೆ. ಯಾವ ಮಾದರಿಯೂ ಕ್ಯಾನಪಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ಇಳಿಸಿಕೊಡುವುದಿಲ್ಲ. ಈ ಆಟದಲ್ಲಿ ಬಹಳಷ್ಟು ಜನ ಗಾಯಗೊಳ್ಳುವುದು ಪ್ಯಾರಾಚೂಟ್ ತೆರೆಯದೆ ಅಲ್ಲ. ಚೆನ್ನಾಗಿ ತೆರೆದ ಪ್ಯಾರಾಚೂಟಿನ ಕೆಳಗೆ, ಇಳಿಯುವಾಗ.

ಇವಳಿಗೂ ಆಗಿದ್ದು ಅದೇ. ಅವಳ ತೂಕ 62 ಕೆಜಿ. ರಿಗ್, ಹೆಲ್ಮೆಟ್, ಸೂಟ್ ಎಲ್ಲ ಸೇರಿ 76. ಅಂದರೆ ಸುಮಾರು 168 ಪೌಂಡ್. ನೀವು ಕೊಟ್ಟ ಕ್ಯಾನಪಿ 150 ಚದರ ಅಡಿ. ಭಾಗಿಸಿ ನೋಡಿ, ಪ್ರತಿ ಚದರ ಅಡಿಗೆ 1.12 ಪೌಂಡ್ ಭಾರ ಬರುತ್ತದೆ. ಮೊದಲ ಸಲ ಜಿಗಿಯುವವರಿಗೆ ಇದು 1ಕ್ಕಿಂತ ಚೆನ್ನಾಗಿಯೇ ಕಡಿಮೆ ಇರಬೇಕು. 220 ಚದರ ಅಡಿಯದ್ದು ಕೊಟ್ಟಿದ್ದರೆ 0.76 ಆಗುತ್ತಿತ್ತು, ನಿಧಾನಕ್ಕೆ ಇಳಿಯುತ್ತಿದ್ದಳು. ಕ್ಯಾನಪಿ ಚಿಕ್ಕದಾದಷ್ಟೂ ವೇಗ ಜಾಸ್ತಿ, ಬ್ರೇಕ್ ಎಳೆದರೆ ತಿರುಗುವುದೂ ಚುರುಕು. ಸಾಲದ್ದಕ್ಕೆ ನಮ್ಮ ಬಯಲುಸೀಮೆ ಸಮುದ್ರ ಮಟ್ಟದಲ್ಲಿಲ್ಲ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದ, ಕಾದ ಗಾಳಿ ತೆಳು. ತೆಳುಗಾಳಿಯಲ್ಲಿ ಅದೇ ಕ್ಯಾನಪಿ ಇನ್ನೂ ವೇಗವಾಗಿ ನೆಲಕ್ಕೆ ಬರುತ್ತದೆ. ದೊಡ್ಡದೇಕೆ ಕೊಡಲಿಲ್ಲ ಎಂದರೆ, "ದೊಡ್ಡವೆಲ್ಲ ಬೇರೆಯವರಿಗೆ ಹೋಗಿತ್ತು ಸರ್, ಮೇಡಂ ಸಣ್ಣಗಿದ್ದಾರಲ್ಲ" ಅಂದರು. ಚಪ್ಪಲಿ ಅಂಗಡಿಯಲ್ಲಿ ಕೂಡ ಇಲ್ಲದ ಸೈಜಿಗೆ ಇಷ್ಟು ಸುಲಭದ ಉತ್ತರ ಕೊಡುವುದಿಲ್ಲ.

ಕಳಿಸಿದ ಹೊತ್ತಾದರೂ ಸರಿ ಇತ್ತಾ? ಅದೂ ಇಲ್ಲ. ಮಧ್ಯಾಹ್ನ ಎರಡು ಗಂಟೆ. ಹೊಲದಲ್ಲಿ ಸಣ್ಣ ಸುಂಟರಗಾಳಿ ಏಳುತ್ತಿದ್ದುದನ್ನು ಟೀ ಮಾರುವವರೂ ನೋಡಿ ಮಾತಾಡಿಕೊಳ್ಳುತ್ತಿದ್ದರು. ಯುಎಸ್‌ಪಿಎ ನಿಯಮದಲ್ಲಿ ವಿದ್ಯಾರ್ಥಿಗಳಿಗೆ ನೆಲದ ಗಾಳಿ ಗಂಟೆಗೆ 14 ಮೈಲಿ ಮೀರಬಾರದು. ನಿಮ್ಮಲ್ಲಿ ಗಾಳಿ ಅಳೆಯುವ ಸಾಧನವೇ ಕಾಣಲಿಲ್ಲ. ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ವಿಂಡ್‌ಸಾಕ್ ಒಂದಿತ್ತು, ಅರ್ಧ ಹರಿದದ್ದು.

ಬೀಳುವಾಗ ಇಬ್ಬರು ಬೋಧಕರು ಅವಳನ್ನು ಹಿಡಿದುಕೊಂಡಿದ್ದರು. ಕ್ಯಾನಪಿ ತೆರೆದ ಮೇಲೆ ಅವಳೊಬ್ಬಳೇ. ಆಗ ನೆಲದಿಂದ ರೇಡಿಯೋದಲ್ಲಿ ಹೇಳುತ್ತೇವೆ, ಹಾಗೇ ಮಾಡಿ ಅಂತ ನೀವು ಹೇಳಿದ್ದಿರಿ. ರೇಡಿಯೋ ಒಂದೆರಡು ಮಾತಾಡಿ ಸತ್ತುಹೋಯಿತು, ಚಾರ್ಜ್ ಇರಲಿಲ್ಲ. ಎಷ್ಟು ಎತ್ತರದಲ್ಲಿ ಎಲ್ಲಿ ತಿರುಗಬೇಕು, ಗಾಳಿಗೆ ಮುಖ ಮಾಡುವುದು ಯಾವಾಗ ಎಂದು ಮೈದಾನದ ಚಿತ್ರ ಇಟ್ಟುಕೊಂಡು ಅವಳಿಗೆ ಯಾರೂ ತೋರಿಸಿರಲಿಲ್ಲ. ಗಾಳಿಯ ಜೊತೆಗೇ ಓಡಿಬಂದು ರಾಗಿ ಕೊಯ್ದ ಹೊಲದಲ್ಲಿ ಇಳಿದಳು. ಕಾಲು ಜೋಡಿಸಿ ಉರುಳಿಕೊಂಡು ಬೀಳುವುದನ್ನೂ ಅಭ್ಯಾಸ ಮಾಡಿಸಿರಲಿಲ್ಲ. ಪಾದದ ಗಂಟಿನ ಮೂಳೆ ಮುರಿಯಿತು. ಮೊದಲು ಓಡಿಬಂದದ್ದು ಹೊಲದವರು. ನಿಮ್ಮ ಜೀಪ್ ಬರುವಷ್ಟರಲ್ಲಿ ಅವರು ನೀರು ಕುಡಿಸಿ, ನೆರಳಿಗೆ ಕೂರಿಸಿ ಆಗಿತ್ತು.

ನನಗೆ ಇದೆಲ್ಲ ಒಂದೇ ದೂರು. ಪ್ಯಾರಾಚೂಟನ್ನು ನೀವು ಗ್ರಾಹಕರಿಂದ ಮುಚ್ಚಿಡುತ್ತೀರಿ. ಕಾರ್ಡ್ ಆಫೀಸಿನಲ್ಲಿ, ಪ್ಯಾಕಿಂಗ್ ಹಗ್ಗ ಕಟ್ಟಿದ ಆಚೆ, ಕ್ಯಾನಪಿಯ ಅಳತೆ ಗುಟ್ಟು. ನಾನು ಕಲಿತ ಕಡೆ ಮೊದಲ ವಾರವೇ ಪ್ಯಾಕಿಂಗ್ ಕೋಣೆಗೆ ಕೂರಿಸಿದ್ದರು. ಅಲ್ಲಿ 25 ಜಂಪ್ ಆದ ಮೇಲೆ ಸಿಗುವ ಎ ಲೈಸೆನ್ಸಿಗೂ ಯಾರ ಸಹಾಯವೂ ಇಲ್ಲದೆ ಒಂದು ಮೇನ್ ಪ್ಯಾಕ್ ಮಾಡಿ ತೋರಿಸಬೇಕು. ತಾನೇ ಮಡಿಚಿದವನಿಗೆ ಬ್ರೇಕ್ ಎಲ್ಲಿ ಸಿಕ್ಕಿಸುತ್ತಾರೆ, ಏಕೆ ಬಿಟ್ಟುಕೊಳ್ಳುತ್ತದೆ ಎಂದು ಗೊತ್ತಿರುತ್ತದೆ. ಮೇಲೆ ತಲೆಯೆತ್ತಿ ನೋಡಿದಾಗ ಯಾವುದು ಸರಿ, ಯಾವುದು ಕೆಟ್ಟಿದೆ ಎಂದು ತಿಳಿಯುತ್ತದೆ. ಅಕ್ಕನ ಮಗಳು ಪ್ಯಾಕಿಂಗ್ ನೋಡಬೇಕು ಎಂದು ಕೇಳಿದ್ದಕ್ಕೆ ನಿಮ್ಮವರು, "ಅದೆಲ್ಲ ನಿಮಗ್ಯಾಕೆ ಮೇಡಂ, ಎಂಜಾಯ್ ಮಾಡಿ" ಅಂದರಂತೆ.

ಸಹಿ ಮಾಡಿಸಿಕೊಂಡ ಕಾಗದ ನಿಮ್ಮ ಬಳಿ ಇದೆ, ಗೊತ್ತು. ಆಕಾಶದಿಂದ ಜಿಗಿಯುವುದರಲ್ಲಿರುವ ಅಪಾಯಕ್ಕೆ ನಾವು ಸಹಿ ಹಾಕಿದ್ದೇವೆ. ಚಾರ್ಜ್ ಇಲ್ಲದ ರೇಡಿಯೋಗೆ ಹಾಕಿಲ್ಲ.

ನನ್ನ ಬೇಡಿಕೆಗಳು ಹೀಗಿವೆ. ಅಕ್ಕನ ಮಗಳ ಕೋರ್ಸಿನ ಪೂರ್ತಿ ಶುಲ್ಕ ಮತ್ತು ಆಸ್ಪತ್ರೆಯ ಖರ್ಚು ಕೊಡಬೇಕು. ನನ್ನ ಬಾಡಿಗೆ ಹಣ ಬೇಡ. ಅದರ ಬದಲು ಶಿಬಿರದಲ್ಲಿದ್ದ ಎಲ್ಲ ರಿಗ್‌ಗಳ ರಿಸರ್ವ್ ಕಾರ್ಡಿನ ಪ್ರತಿ, ಕ್ಯಾನಪಿಗಳ ಜಂಪ್ ಲೆಕ್ಕ ಮತ್ತು ಲೈನ್ ಬದಲಿಸಿದ ದಿನಾಂಕ ಕಳಿಸಿ. ಆ ದಿನಗಳಲ್ಲಿ ನಿಮ್ಮ ರಿಗ್ಗರ್ ಎಲ್ಲಿದ್ದರು ಎಂದೂ ತಿಳಿಸಿ. ಗಡುವು ಮೀರಿದ ರಿಗ್ಗಿನಲ್ಲಿ ಜಿಗಿದವರಿಗೆಲ್ಲ, ಹುಬ್ಬಳ್ಳಿಯ ಆ ಹುಡುಗನಿಗೂ ಸೇರಿ, ವಿಷಯವನ್ನು ನೀವೇ ಪತ್ರ ಬರೆದು ಹೇಳಬೇಕು. ಮುಂದಿನ ಶಿಬಿರ ಫೆಬ್ರವರಿಯಲ್ಲಿ ಎಂದು ಜಾಹೀರಾತು ನೋಡಿದೆ. ರಿಗ್ಗರ್ ಸ್ಥಳದಲ್ಲಿಲ್ಲದೆ, 200 ಚದರ ಅಡಿಗಿಂತ ದೊಡ್ಡ ಕ್ಯಾನಪಿಗಳು ಸಾಕಷ್ಟು ಇಲ್ಲದೆ ಅದನ್ನು ನಡೆಸಬೇಡಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೂ ಇದರ ಪ್ರತಿ ಕಳಿಸುತ್ತೇನೆ. ಮಾರ್ಚ್ ತಾರೀಖಿನ ಕಾರ್ಡ್, ಸವೆದ ಲೂಪ್ ಮತ್ತು ಲೈನ್‌ಗಳ ಫೋಟೋ, ಎಕ್ಸ್‌ರೇ, ಆಸ್ಪತ್ರೆಯ ಬಿಲ್ಲುಗಳನ್ನು ಲಗತ್ತಿಸಿದ್ದೇನೆ. ವಾಟ್ಸ್ಯಾಪಿನಲ್ಲಿ ಉತ್ತರ ಬೇಡ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಜವಾಬ್ದಾರಿ ಹೊರುವವರ ಸಹಿಯೊಂದಿಗೆ ಕಳಿಸಿ.

ಇಂತಿ,
ನಿಮ್ಮ ಡಿಸೆಂಬರ್ ಶಿಬಿರದ ಗ್ರಾಹಕ
ಹೆಸರು ಮತ್ತು ಬುಕಿಂಗ್ ಸಂಖ್ಯೆ ಲಗತ್ತಿಸಿದ ರಸೀದಿಯಲ್ಲಿದೆ