ಸ್ಟಾರ್ ಹಾಕಿ ಬರೆದವರಿಗೆ ಥ್ಯಾಂಕ್ಸ್

ಕಳೆದ ಭಾನುವಾರ ರಾತ್ರಿ, ಹಳೆಯ ಟೆಕ್ಸ್ಟ್ ಅಡ್ವೆಂಚರ್ ಆಟಗಳನ್ನು ನಡೆಸುವ ನಮ್ಮ ಇಂಟರ್‌ಪ್ರಿಟರ್‌ನ 1.0 ಆವೃತ್ತಿ ಬಿಡುಗಡೆಯಾಯಿತು. ನಾಲ್ಕು ವರ್ಷದ ಕೆಲಸ. ಕೆಲಸ ಮುಗಿದ ಮೇಲೆ ನಿದ್ದೆ ಬರಲಿಲ್ಲ. ಯಾರ‍್ಯಾರ ಸಹಾಯದಿಂದ ಇಲ್ಲಿವರೆಗೆ ಬಂದೆ ಅಂತ ನೆನಪಿಸಿಕೊಳ್ಳುತ್ತಾ ಕೂತೆ. ಅವರಿಗೆಲ್ಲ ಎದುರಲ್ಲೇ ಹೇಳಬೇಕಾದ ಮಾತು ಇದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಟೆಕ್ಸ್ಟ್ ಅಡ್ವೆಂಚರ್ ಆಟದಲ್ಲಿ ಚಿತ್ರ ಇರುವುದಿಲ್ಲ. ನೀವು ಎಲ್ಲಿದ್ದೀರಿ, ಎದುರಿಗೆ ಏನಿದೆ ಅಂತ ಆಟ ಬರೆದು ಹೇಳುತ್ತದೆ. ಏನು ಮಾಡಬೇಕು ಅಂತ ನೀವು ಟೈಪ್ ಮಾಡುತ್ತೀರಿ. 1979ರಲ್ಲಿ ಅಮೆರಿಕದ ಇನ್ಫೋಕಾಮ್ ಕಂಪನಿಯ ಜೋಯಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ ಒಂದು ಚೆಂದದ ಉಪಾಯ ಹೂಡಿದರು. ಆಗ ಒಂದೊಂದು ಕಂಪ್ಯೂಟರೂ ಒಂದೊಂದು ಥರ. ಪ್ರತಿಯೊಂದಕ್ಕೂ ಆಟವನ್ನು ಹೊಸದಾಗಿ ಬರೆಯುವುದು ಆಗದ ಮಾತು. ಅದಕ್ಕೆ ಅವರು ಎಲ್ಲೂ ಇಲ್ಲದ ಒಂದು ಕಂಪ್ಯೂಟರನ್ನು ಕಾಗದದ ಮೇಲೆ ಕಟ್ಟಿದರು. ಅದೇ ಝಡ್-ಮಷಿನ್. ಆಟ ಬರೆಯುವುದು ಅದಕ್ಕೆ. ನಿಜವಾದ ಕಂಪ್ಯೂಟರ್‌ಗಳಲ್ಲಿ ಅದರ ವೇಷ ಹಾಕಿ ಆಟ ನಡೆಸುವ ಸಣ್ಣ ಪ್ರೋಗ್ರಾಂ ಒಂದಿದ್ದರೆ ಸಾಕು. ಅದೇ ಇಂಟರ್‌ಪ್ರಿಟರ್. 1980ರ ಜೋರ್ಕ್ ಆಟದ ಫೈಲ್ ಇವತ್ತಿನ ಫೋನಿನಲ್ಲಿ ಹಾಗೇ ಓಡುವುದು ಇದರಿಂದಲೇ.

ಕಂಪನಿ ಈ ಮಷಿನ್ನಿನ ವಿವರವನ್ನು ಹೊರಗೆ ಕೊಟ್ಟಿರಲಿಲ್ಲ. ಹವ್ಯಾಸಿಗಳೇ ಫೈಲ್‌ಗಳನ್ನು ಬಿಡಿಸಿ ನೋಡಿ ಕಂಡುಕೊಂಡರು. ಗ್ರಹಾಂ ನೆಲ್ಸನ್ ಅದನ್ನೆಲ್ಲ ಸೇರಿಸಿ 1997ರಲ್ಲಿ ಈ ಮಷಿನ್ ಹೇಗೆ ನಡೆಯಬೇಕು ಅಂತ ಹೇಳುವ ಸ್ಟ್ಯಾಂಡರ್ಡ್ 1.0 ಬರೆದರು. ನನ್ನ ಮೇಜಿನ ಮೇಲೆ ಅದರ ಪ್ರಿಂಟ್ ಇದೆ, ಅಂಚು ಹರಿದಿದೆ. ಸಂಶಯ ಬಂದಾಗ ಹೋಲಿಸಿ ನೋಡಲು ಸ್ಟೀಫನ್ ಯೋಕಿಶ್ 1995ರಲ್ಲಿ ಬರೆದ ಇಂಟರ್‌ಪ್ರಿಟರ್ ಫ್ರಾಟ್ಜ್ ಇತ್ತು. ಅಮೀರ್ ಕಾರ್ಗರ್ ಅವರ ಪರೀಕ್ಷಾ ಫೈಲ್ ಮೊದಲ ದಿನವೇ ನನ್ನ ತಪ್ಪು ಹಿಡಿಯಿತು. ಮೈನಸ್ 11ನ್ನು 2ರಿಂದ ಭಾಗಿಸಿದರೆ ಝಡ್-ಮಷಿನ್‌ನಲ್ಲಿ ಮೈನಸ್ 5 ಬರಬೇಕು. ನಾನು ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನ ಪೂರ್ಣಾಂಕ ಭಾಗಾಕಾರವನ್ನು ಹಾಗೇ ಬಳಸಿದ್ದೆ, ಅದು ಮೈನಸ್ 6 ಕೊಡುತ್ತದೆ. ಇಂಥದ್ದು ಆಡುವಾಗ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲೋ ನೂರನೇ ನಡೆಯಲ್ಲಿ ಬಾಗಿಲು ತೆರೆಯುವುದಿಲ್ಲ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇವರನ್ನೆಲ್ಲ ನಾನು ನೋಡಿಲ್ಲ, ಮಾತಾಡಿಸಿಲ್ಲ. ಆದರೂ ದಿನಾ ಜೊತೆಯಲ್ಲೇ ಇದ್ದರು.

ಈಗ ಪರೀಕ್ಷೆ ಮಾಡಿಕೊಟ್ಟವರ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಈ ಆಟಗಳಲ್ಲಿ ಒಂದು ಹಳೆಯ ಪದ್ಧತಿ ಇದೆ. ಆಡಿದ್ದೆಲ್ಲ ಒಂದು ಫೈಲಿಗೆ ದಾಖಲಾಗುವ ಹಾಗೆ ಮಾಡಬಹುದು, ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ ಅನ್ನುತ್ತಾರೆ. ಆಡುತ್ತಾ ಏನಾದರೂ ಹೇಳಬೇಕು ಅನಿಸಿದರೆ ಸಾಲಿನ ಮೊದಲು ಒಂದು ಸ್ಟಾರ್ ಹಾಕಿ ಟಿಪ್ಪಣಿ ಬರೆಯುತ್ತಾರೆ. ಆಮೇಲೆ ಆ ಫೈಲ್ ಕಳಿಸುತ್ತಾರೆ. ದಾವಣಗೆರೆಯ ಒಬ್ಬ ಮೇಷ್ಟ್ರು ನನಗೆ ಮೊದಲ ಟ್ರಾನ್ಸ್‌ಕ್ರಿಪ್ಟ್ ಕಳಿಸಿದರು. ತೆರೆದು ನೋಡಿದರೆ ಸ್ಟಾರ್ ಆದ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆ. ಸಾಲು ಸಾಲು. ಫೋನ್ ಮಾಡಿ ಕೇಳಿದೆ. "ಮೇಡಂ, ನಾನು ಕನ್ನಡದಲ್ಲೇ ಬರೆದೆ. ಬರೆಯಬಾರದಿತ್ತಾ?" ಅಂದರು.

ಬರೆಯಬಾರದಿತ್ತಾ ಅನ್ನುವ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹಳೆಯ ಆಟಕ್ಕೆ ಕನ್ನಡ ಗೊತ್ತಿಲ್ಲ, ಸರಿ. ಆದರೆ ಟ್ರಾನ್ಸ್‌ಕ್ರಿಪ್ಟ್ ಬರೆಯುವುದು ನನ್ನ ಪ್ರೋಗ್ರಾಂ. ಆಡುವವರು ಟೈಪ್ ಮಾಡಿದ ಸಾಲನ್ನು ಇದ್ದ ಹಾಗೇ ಫೈಲಿಗೆ ಇಳಿಸಲು ಏನು ಅಡ್ಡಿ? ಎರಡು ದಿನದಲ್ಲಿ ಸರಿ ಮಾಡಿದೆ. ಆಟವನ್ನೇ ಕನ್ನಡದಲ್ಲಿ ಬರೆದರೆ ಹೇಗೆ ಅನ್ನುವ ಯೋಚನೆಯೂ ಅಲ್ಲೇ ಶುರುವಾಯಿತು.

ಅದು ಎರಡು ದಿನದಲ್ಲಿ ಆಗುವ ಕೆಲಸ ಆಗಿರಲಿಲ್ಲ. ಝಡ್-ಮಷಿನ್ನಿನ ಐದನೇ ಆವೃತ್ತಿಯ ಆಟದ ಪದಕೋಶದಲ್ಲಿ ಒಂದು ಪದಕ್ಕೆ ಒಂಬತ್ತೇ ಮನೆ. ಇಂಗ್ಲಿಷಿನ ಸಣ್ಣಕ್ಷರಕ್ಕೆ ಒಂದು ಮನೆ ಸಾಕು. ಮಷಿನ್ನಿನ ಅಕ್ಷರಪಟ್ಟಿಯಲ್ಲಿಲ್ಲದ ಅಕ್ಷರಕ್ಕೆ ನಾಲ್ಕು ಬೇಕು. ಕನ್ನಡದ 'ಪ'ಗೆ ನಾಲ್ಕು, ಅದರ ಎತ್ವಕ್ಕೆ ಇನ್ನು ನಾಲ್ಕು. 'ಪೆ' ಬರೆಯುವಷ್ಟರಲ್ಲಿ ಎಂಟು ಮುಗಿಯಿತು. ಅಂದರೆ ಆಟದ ಕಣ್ಣಿಗೆ ಪೆಟ್ಟಿಗೆಯೂ ಪೆನ್ನೂ ಒಂದೇ! ಪುಣ್ಯಕ್ಕೆ ಐದನೇ ಆವೃತ್ತಿಯಿಂದ ಆಟವೇ ತನ್ನ ಅಕ್ಷರಪಟ್ಟಿ ತರಬಹುದು. ಜಾಸ್ತಿ ಬಳಸುವ ಕನ್ನಡ ಅಕ್ಷರಗಳನ್ನು ಆ ಪಟ್ಟಿಯ ಮೊದಲ ಸಾಲಿಗೆ ಹಾಕಿದರೆ 'ಪೆಟ್ಟಿಗೆ' ಎಂಟು ಮನೆಯಲ್ಲಿ ಹಿಡಿಯುತ್ತದೆ. ನಾನು ಮೂರು ಕೋಣೆಯ ಪುಟ್ಟ ಆಟ ಬರೆದು ಅಮ್ಮನ ಮುಂದೆ ಇಟ್ಟೆ. ಆಟ ಕನ್ನಡದಲ್ಲಿ ಚೆನ್ನಾಗಿಯೇ ಮಾತಾಡಿತು. ಅಮ್ಮ 'ಪೆಟ್ಟಿಗೆ ತೆಗಿ' ಅಂತ ಟೈಪ್ ಮಾಡಿದರೆ ಮಾತ್ರ ಒಂದು ಪದವೂ ಅದಕ್ಕೆ ತಿಳಿಯಲಿಲ್ಲ.

ಅಮ್ಮ ಒಂದೇ ಮಾತು ಹೇಳಿದರು. "ಅದು ಮಾತಾಡುತ್ತೆ, ಕೇಳಿಸ್ಕೊಳ್ಳಲ್ಲ ಅಲ್ವಾ?" ಬಗ್ ಅದೇ ಆಗಿತ್ತು. ತೋರಿಸುವಾಗ ನನ್ನ ಕೋಡ್ ಹೊಸ ಅಕ್ಷರಪಟ್ಟಿ ಬಳಸುತ್ತಿತ್ತು. ಟೈಪ್ ಮಾಡಿದ್ದನ್ನು ಪದಕೋಶದಲ್ಲಿ ಹುಡುಕುವಾಗ ಹಳೆಯ ಇಂಗ್ಲಿಷ್ ಪಟ್ಟಿಗೇ ಹೋಗುತ್ತಿತ್ತು. ಮೂರು ವಾರದಿಂದ ನಾನು ಹುಡುಕುತ್ತಿದ್ದದ್ದು ಬೇರೆ ಜಾಗದಲ್ಲಿ. ಥ್ಯಾಂಕ್ಸ್ ಅಮ್ಮ. ತೆರೆ, ತೆಗೆ, ತೆಗಿ ಮೂರೂ ಈಗ ಆ ಆಟಕ್ಕೆ ಗೊತ್ತು.

ಒಬ್ಬರ ಹತ್ತಿರ ಕ್ಷಮೆಯನ್ನೂ ಕೇಳಬೇಕು. ಇಂಟರ್‌ಪ್ರಿಟರ್‌ನ 0.7 ಆವೃತ್ತಿಯಲ್ಲಿ ಹೊಸ ಸೇವ್ ಫೈಲನ್ನು ನೇರ ಹಳೆಯದರ ಮೇಲೇ ಬರೆಯುತ್ತಿದ್ದೆ. ಬರೆಯುವ ಮಧ್ಯೆ ಅವರ ಲ್ಯಾಪ್‌ಟಾಪ್ ಆಫ್ ಆಯಿತು. ಹೊಸದೂ ಇಲ್ಲ, ಹಳೆಯದೂ ಇಲ್ಲ. ಮೂರು ವಾರದ ಆಟ ಹೋಯಿತು. ತಪ್ಪು ಪೂರ್ತಿ ನನ್ನದು. ಅವರು ಬರೆದ ಉತ್ತರ ಇಷ್ಟೇ: "ಇರಲಿ ಬಿಡಿ, ಮತ್ತೆ ಆಡ್ತೀನಿ. ಕಾಗದದ ಮೇಲೆ ಬರೆದ ನಕ್ಷೆ ನನ್ನ ಹತ್ರ ಇದೆಯಲ್ಲ." ಈಗ ಮೊದಲು ಬೇರೆ ಫೈಲಿಗೆ ಬರೆದು, ಪೂರ್ತಿಯಾದ ಮೇಲಷ್ಟೇ ಹಳೆಯದರ ಜಾಗಕ್ಕೆ ತರುತ್ತೇನೆ. ಆ ಉತ್ತರ ಬರದಿದ್ದರೆ ಆ ವಾರವೇ ಈ ಕೆಲಸ ಬಿಡುತ್ತಿದ್ದೆ.

ಇನ್ನು ಕಣ್ಣು ಕಾಣದ ನಮ್ಮ ಗೆಳತಿ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ಆಡುತ್ತಾರೆ. ಬರೀ ಮಾತಿನ ಆಟ ಆದ್ದರಿಂದ ಯಾರಿಗೂ ಕಡಿಮೆಯಿಲ್ಲದ ಹಾಗೆ ಆಡಬಹುದು. ಆದರೆ ನನ್ನ ಪ್ರೋಗ್ರಾಂ ಪ್ರತಿ ನಡೆಗೂ ಸ್ಕೋರ್ ತೋರಿಸುವ ಮೇಲಿನ ಸ್ಟೇಟಸ್ ಲೈನ್‌ನಿಂದ ಶುರುಮಾಡಿ ಇಡೀ ಪರದೆ ಓದಿಸುತ್ತಿತ್ತು. ಅವರು ತಾಳ್ಮೆಯಿಂದ ನಲವತ್ತು ನಡೆ ಆಡಿ, ಎಲ್ಲಿ ಏನು ಕೇಳಿಸಬೇಕು, ಏನು ಸುಮ್ನೆ ಇರಬೇಕು ಅಂತ ಒಂದೊಂದಾಗಿ ಬರೆದುಕೊಟ್ಟರು. ಈಗ ಹೊಸದಾಗಿ ಬಂದ ಮಾತು ಮಾತ್ರ ಕೇಳಿಸುತ್ತದೆ. ಸ್ಕೋರ್ ಬೇಕಾದರೆ ಒಂದು ಕೀ ಒತ್ತಬೇಕು. 1.0ರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು.

2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜೋರ್ಕ್‌ನ ಮೂರೂ ಭಾಗಗಳ ಮೂಲ ಕೋಡನ್ನು ಎಂಐಟಿ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ಹೊಸಬರು ಕೆಲವರು ನಮ್ಮ ಕಡೆಗೂ ಬಂದಿದ್ದಾರೆ. ಅವರಿಗೂ ನಮಸ್ಕಾರ.

ನಿನ್ನೆ ಮೇಷ್ಟ್ರ ಹೊಸ ಟ್ರಾನ್ಸ್‌ಕ್ರಿಪ್ಟ್ ಬಂತು. ಹನ್ನೊಂದು ಸ್ಟಾರ್ ಇವೆ, ಎಲ್ಲವೂ ಕನ್ನಡದಲ್ಲಿ. ಮೊದಲನೆಯದು: "* ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತಕ್ಷರ ಅರ್ಧ ಉಳಿಯುತ್ತೆ ಮೇಡಂ, ನೋಡಿ." ನೋಡುತ್ತಿದ್ದೇನೆ ಮೇಷ್ಟ್ರೇ.