ಗುಂಡುಗಳ ವಿಷಯದಲ್ಲಿ ಅಮ್ಮನಿಗೆ ಚಿಂತೆ ಬೇಡ

ವರ್ಜೀನಿಯಾ

ತೀರ್ಥರೂಪರಾದ ಅಪ್ಪನವರಿಗೆ ಶ್ರೀಧರನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ನಿಮ್ಮ ಪತ್ರ ತಲುಪಿತು. ಕೂಸಿರುವ ಮನೆಗೆ ಯುದ್ಧದ ಗುಂಡುಗಳನ್ನು ತಂದಿಟ್ಟುಕೊಂಡಿದ್ದೇನೆಂದು ಕೇಳಿದಾಗಿನಿಂದ ಅಮ್ಮನಿಗೆ ನಿದ್ದೆಯಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಅವರಿಗೆ ಇದನ್ನು ಪೂರ್ತಿ ಓದಿ ಹೇಳಿ.

ಮೊದಲನೆಯದಾಗಿ, ಅವು ಸಿಡಿಯುವುದಿಲ್ಲ. 1861ರಿಂದ 1865ರವರೆಗೆ ಇಲ್ಲಿ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಲ್ಲಿ ಸೈನಿಕರು ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಅದರ ಮೇಲೆ ಗುಂಡನ್ನು ಉದ್ದನೆಯ ಸರಳಿನಿಂದ ತಳ್ಳುತ್ತಿದ್ದರು. ಹಾರಿಹೋದ ಗುಂಡೆಂದರೆ ಬರಿಯ ಸೀಸ. ಮದ್ದು ತುಂಬಿದ ಫಿರಂಗಿ ಗುಂಡುಗಳು ಮಾತ್ರ ಇಂದಿಗೂ ಅಪಾಯಕಾರಿ. ಅಂಥದ್ದು ಕಂಡರೆ ನಾನು ಮುಟ್ಟುವವನಲ್ಲ, ಪೊಲೀಸರಿಗೆ ತಿಳಿಸುತ್ತೇನೆ.

ಈಚೆಗೆ ಒಬ್ಬ ರೈತರ ಹೊಲದಲ್ಲಿ, ಅವರ ಒಪ್ಪಿಗೆ ಪಡೆದೇ, ಮೆಟಲ್ ಡಿಟೆಕ್ಟರ್ ಹಿಡಿದು ನಡೆಯುವಾಗ ಒಂದು ಮಿನಿ ಬಾಲ್ ಸಿಕ್ಕಿತು. ಮಿನಿಯೆ ಎಂಬ ಫ್ರೆಂಚ್ ಸೇನಾಧಿಕಾರಿ 1849ರಲ್ಲಿ ರೂಪಿಸಿದ ಗುಂಡಿನ ಅಮೆರಿಕನ್ ಮಾದರಿ ಇದು. ಅಡ್ಡಳತೆ ಸುಮಾರು 0.58 ಅಂಗುಲ, ಹೊಸದಾಗಿದ್ದಾಗ ತೂಕ ಸುಮಾರು 32 ಗ್ರಾಂ. ಬುಡ ಟೊಳ್ಳಾಗಿರುವುದರಿಂದ ಮದ್ದು ಹೊತ್ತಿದೊಡನೆ ಅದರ ಅಂಚು ಅರಳಿ ನಳಿಗೆಯೊಳಗಿನ ತಿರುಚಿದ ತೋಡುಗಳನ್ನು ಕಚ್ಚಿಕೊಳ್ಳುತ್ತದೆ, ಗುಂಡು ಗಿರಗಿರನೆ ತಿರುಗುತ್ತ ಗುರಿಯತ್ತ ಹೋಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಓರೆಯಾಗಿ ಮೂರು ಅಗಲ ಗುರುತುಗಳು ಸ್ಪಷ್ಟವಾಗಿವೆ. ಆ ಯುದ್ಧದಲ್ಲಿ ಬಳಸಿದ ಸ್ಪ್ರಿಂಗ್‌ಫೀಲ್ಡ್ ಬಂದೂಕಿನಲ್ಲಿಯೂ ತೋಡುಗಳು ಮೂರೇ. ಮೂತಿ ಅಣಬೆಯಂತೆ ಹರಡಿ ಒಂದು ಪಕ್ಕಕ್ಕೆ ವಾಲಿದೆ, ಆದ್ದರಿಂದ ಏನೋ ಗಟ್ಟಿಯಾದದ್ದಕ್ಕೆ ಓರೆಯಾಗಿ ಬಡಿದಿರಬೇಕು. ಹಾರಿಸುವ ಮೊದಲೇ ಕೈಜಾರಿ ಬಿದ್ದ ಗುಂಡಿನಲ್ಲಿ ಇವಾವುವೂ ಇರುವುದಿಲ್ಲ. 1864ರ ಮೇ ತಿಂಗಳಲ್ಲಿ ಇಲ್ಲಿಯ ಸ್ಪಾಟ್ಸಿಲ್ವೇನಿಯಾ ಎಂಬಲ್ಲಿ ನಡೆದ ಕದನದಲ್ಲಿ ಇಂಥ ಗುಂಡುಗಳೇ 22 ಅಂಗುಲ ದಪ್ಪದ ಓಕ್ ಮರವನ್ನು ಕಡಿದು ಕೆಡವಿದವು. ಅದರ ಬೊಡ್ಡೆಯನ್ನು ಇಲ್ಲಿಯವರು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಕೆಲವು ಗುಂಡುಗಳ ಮೇಲೆ ಹಲ್ಲಿನ ಗುರುತಿರುತ್ತದೆ. ಅಂಗ ಕತ್ತರಿಸುವಾಗ ಸೈನಿಕರು ನೋವಿಗೆ ಕಚ್ಚಿದ್ದೆಂದು ಮಾರುವವರು ಹೇಳಿಕೊಂಡರೂ ಆಗಿನ ವೈದ್ಯರ ಬಳಿ ಪ್ರಜ್ಞೆ ತಪ್ಪಿಸುವ ಕ್ಲೋರೋಫಾರ್ಮ್ ಇತ್ತು. ಅವುಗಳಲ್ಲಿ ಹೆಚ್ಚಿನವು ಮಣ್ಣು ಕೆದಕುವ ಹಂದಿಗಳು ಅಗಿದವು.

ಇನ್ನು ಸೀಸದ ವಿಷ. ಅಮ್ಮನ ಭಯಕ್ಕೆ ಕಾರಣವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳೆಯ ಗುಂಡಿನ ಮೈಮೇಲಿನ ಬಿಳಿ ಪದರ ಸೀಸದ ಲವಣವೇ ಆಗಿದ್ದು, ಮಗುವಿನ ಬಾಯಿಗೆ ಹೋಗಲೇಬಾರದು. ಆದ್ದರಿಂದ ನಾನು ಅದನ್ನು ಉಜ್ಜುವುದಿಲ್ಲ. ಕೈಗವಸು ಹಾಕಿ ನೀರಿನಲ್ಲಿ ಮಣ್ಣನ್ನಷ್ಟೇ ತೊಳೆದು, ಗ್ಯಾರೇಜಿನ ಎತ್ತರದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಸೋಪು ಹಚ್ಚಿ ಕೈ ತೊಳೆದು, ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳುವುದು. ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆಯನ್ನೂ ಮಾಡಿಸಿದ್ದೇವೆ, ಚಿಂತಿಸುವಂಥದ್ದು ಏನೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಖಂಡಿತ ಏನೂ ಇಲ್ಲ.

ಕಾನೂನಿನ ಭಯವೂ ಬೇಡ. ಸರ್ಕಾರ ಕಾಯ್ದಿಟ್ಟ ರಣಭೂಮಿಗಳಲ್ಲಿ ಅಗೆಯುವುದು ಅಪರಾಧ. ಅಲ್ಲಿಗೆ ನಾನು ಡಿಟೆಕ್ಟರ್ ಒಯ್ಯುವುದೇ ಇಲ್ಲ.

ಮಗು ಎದ್ದಿದೆ, ಇಲ್ಲಿಗೆ ಮುಗಿಸುತ್ತೇನೆ. ಅಮ್ಮ ಮಾತ್ರೆ ತಪ್ಪಿಸದಿರಲಿ. ಅಜ್ಜಿಗೆ ನಮಸ್ಕಾರ, ಸುಮಾಳಿಗೆ ಆಶೀರ್ವಾದ.

ಇತಿ ನಿಮ್ಮ ಮಗ,
ಶ್ರೀಧರ